ಹರಳನ್ನು ತಿರುಗಿಸಿ ನೋಡಿ

ಶ್ರಾವಣ ಮುಗಿದು ಹಬ್ಬದ ಒಡವೆಗಳು ಪೆಟ್ಟಿಗೆ ಸೇರುವ ಹೊತ್ತಿಗೆ ನನ್ನ ಹತ್ತಿರ ಬರುವ ಪ್ರಶ್ನೆಗಳೆಲ್ಲ ಒಂದೇ ಜಾತಿಯವು. ವರಮಹಾಲಕ್ಷ್ಮಿಗೆ ಹಾಕಿದ್ದ ಸ್ಫಟಿಕದ ಸರಕ್ಕೆ ಅರಿಶಿನ ಹತ್ತಿದೆ, ಏನು ಮಾಡಲಿ? ಮಗಳ ಕ್ರಿಸ್ಟಲ್ ಜುಮಕಿ ಮಂಕಾಗಿದೆ, ಟೂತ್‌ಪೇಸ್ಟ್ ಹಚ್ಚಿ ಉಜ್ಜಲೇ? ಹುಣಸೆ ರಸದಲ್ಲಿ ನೆನೆಹಾಕಿದರೆ ಹೇಗೆ? ನಾನಿರುವ ಹೈದರಾಬಾದಿನ ಕುಷಾಯಿಗೂಡದಲ್ಲಿ ಇದನ್ನು ತೆಲುಗಿನಲ್ಲಿ ಕೇಳುವವರೂ ಇದ್ದಾರೆ, ಬೀದರ್, ಕಲಬುರಗಿ ಕಡೆಯ ಕನ್ನಡದಲ್ಲಿ ಕೇಳುವವರೂ ಇದ್ದಾರೆ. ಎಲ್ಲರಿಗೂ ನಾನು ಹೇಳುವುದು ಇಷ್ಟೇ: ನೀರು ಮುಟ್ಟಿಸುವ ಮೊದಲು ಒಡವೆಯನ್ನು ಬೋರಲು ಹಾಕಿ ಹಿಂಬದಿ ನೋಡಿ. ಹರಳಿನ ಒಡವೆ ಹಾಕಿಕೊಂಡು ಕೆಟ್ಟದ್ದಕ್ಕಿಂತ ತೊಳೆದು ಕೆಟ್ಟದ್ದೇ ಹೆಚ್ಚು.

ಕ್ರಿಸ್ಟಲ್ ಎಂದು ಅಂಗಡಿಯವರು ಕೊಡುವ ಸರಕಿನಲ್ಲಿ ಎರಡು ಕುಲ. ನೆಲದಿಂದ ಅಗೆದು ತೆಗೆದ ಸ್ಫಟಿಕ ಒಂದು, ಕುಲುಮೆಯಲ್ಲಿ ಕರಗಿಸಿ ಮಾಡಿದ ಗಾಜು ಇನ್ನೊಂದು. ಕಲ್ಲಿನ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರಕ್ಕೆ 10, ಸ್ಫಟಿಕಕ್ಕೆ 7, ಗಾಜಿಗೆ ಐದೂವರೆಯ ಆಸುಪಾಸು. ಸ್ಫಟಿಕದ ಮಣಿಯನ್ನು ಕೆನ್ನೆಗೆ ಒತ್ತಿದರೆ ತಣ್ಣಗೆ ತಾಗಿ, ಸ್ವಲ್ಪ ಹೊತ್ತು ಹಾಗೇ ತಣ್ಣಗಿರುತ್ತದೆ. ಗಾಜು ಬೇಗ ಮೈಬಿಸಿಗೆ ಬರುತ್ತದೆ. ಭೂತಗನ್ನಡಿ ಹಿಡಿದು ನೋಡಿದಾಗ ಒಳಗೆ ದುಂಡನೆಯ ಗುಳ್ಳೆ ಕಂಡರೆ ಅದು ಗಾಜೇ. ದೊಡ್ಡ ಗುಂಡಾಗಿದ್ದರೆ ಕೆಳಗೊಂದು ಕೂದಲೆಳೆ ಇಟ್ಟು, ಗುಂಡನ್ನು ತಿರುಗಿಸುತ್ತ ಮೇಲಿನಿಂದ ನೋಡಿ. ಸ್ಫಟಿಕದಲ್ಲಿ ಯಾವುದೋ ಒಂದು ಮಗ್ಗುಲಿಗೆ ಎಳೆ ಎರಡಾಗಿ ಕಾಣುತ್ತದೆ, ಗಾಜಿನಲ್ಲಿ ಒಂದೇ.

ಸ್ಫಟಿಕ ಗಟ್ಟಿ ಜೀವ. ಶೃಂಗೇರಿಯಲ್ಲಿ ಜಗದ್ಗುರುಗಳು ರಾತ್ರಿ ಪೂಜಿಸುವ ಚಂದ್ರಮೌಳೀಶ್ವರ ಸ್ಫಟಿಕ ಲಿಂಗ. ತಲೆಮಾರುಗಳಿಂದ ಅದಕ್ಕೆ ಅಭಿಷೇಕ ನಡೆದೇ ಇದೆ. ಮೊಸರು, ಜೇನು, ನಿಂಬೆಹುಳಿ, ಸೀಗೆಕಾಯಿ ಯಾವುದೂ ಸ್ಫಟಿಕವನ್ನು ಕರಗಿಸಲಾರದು. ಆಮ್ಲಗಳಲ್ಲಿ ಅದನ್ನು ತಿನ್ನುವುದು ಹೈಡ್ರೋಫ್ಲೋರಿಕ್ ಆಮ್ಲ ಮಾತ್ರ, ಅದು ಯಾರ ಅಡುಗೆಮನೆಯಲ್ಲೂ ಇರುವುದಿಲ್ಲ. ಸ್ಫಟಿಕಕ್ಕೆ ಆಗದ್ದು ಥಟ್ಟನೆ ಬಿಸಿ, ಥಟ್ಟನೆ ತಂಪು. ಒಳಗೆ ಕೂದಲೆಳೆಯಂಥ ಸೀಳು ಇದ್ದರೆ ಕುದಿನೀರು ಬಿದ್ದ ಕ್ಷಣ ಅದು ಬೆಳೆಯುತ್ತದೆ. ಹೊಡೆತಕ್ಕೂ ಅದು ಬಾಗುವುದಿಲ್ಲ, ಸಿಡಿಯುತ್ತದೆ. ಹಳೆಯ ಸ್ಫಟಿಕ ಮಾಲೆಯ ಮಣಿಗಳನ್ನು ಹತ್ತಿರದಿಂದ ನೋಡಿ, ದಾರ ತೂರುವ ತೂತಿನ ಬಾಯಿಯ ಸುತ್ತ ಸಣ್ಣ ಚಕ್ಕೆ ಎದ್ದಿರುತ್ತದೆ. ಮಣಿಗೆ ಮಣಿ ಬಡಿದು ಆದ ಗಾಯ ಅದು. ನಡುವೆ ಗಂಟು ಹಾಕಿ ಪೋಣಿಸಿದ ಮಾಲೆಯಲ್ಲಿ ಈ ಗಾಯ ಕಾಣುವುದು ಅಪರೂಪ.

ಸ್ಫಟಿಕಕ್ಕೆ ಹೆದರಬೇಕಾದವು ಉಳಿದ ಒಡವೆಗಳು. ನಮ್ಮೂರಿನ ಮಗ್ಗುಲಲ್ಲೇ ಮೌಲಾ ಅಲಿ ಗುಡ್ಡವಿದೆ. ಗ್ರಾನೈಟ್ ಬಂಡೆ ಅದು. ಬಂಡೆಯಲ್ಲಿ ಬಿಸಿಲಿಗೆ ಗಾಜಿನಂತೆ ಮಿನುಗುವ ಬೂದು ಕಣಗಳು ಇದೇ ಸ್ಫಟಿಕದವು. ಹೈದರಾಬಾದ್ ಪೂರ್ತಿ ಇಂಥ ಬಂಡೆಯ ಮೇಲೆ ಕೂತಿರುವುದರಿಂದ ಕನ್ನಡಿ ಮೇಜಿನ ಮೇಲೆ ಕೂರುವ ಧೂಳಿನಲ್ಲಿ ಈ ಕಣ ಇದ್ದೇ ಇರುತ್ತದೆ. ಗಡಸುತನ 7ರ ಪುಡಿಯನ್ನು ಐದೂವರೆಯ ಗಾಜಿನ ಮೇಲಿಟ್ಟು ಸೆರಗಿನಿಂದ ಉಜ್ಜಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ವರ್ಷಗಟ್ಟಲೆ "ದಿನಾ ಒರೆಸಿಯೇ ಇಡ್ತೀನಿ" ಎನ್ನುವವರ ಕ್ರಿಸ್ಟಲ್ ಸರವೇ ಎಲ್ಲಕ್ಕಿಂತ ಮಂಕಾಗಿರುವುದು ಇದೇ ಕಾರಣಕ್ಕೆ. ಒಣ ಧೂಳನ್ನು ಒರೆಸಬಾರದು, ನೀರಿನಲ್ಲಿ ತೇಲಿಸಿ ಬಿಡಬೇಕು.

ಗಾಜಿನ ಕ್ರಿಸ್ಟಲ್ ಕೀಳು ಎಂದು ಮೂಗು ಮುರಿಯುವವರಲ್ಲಿ ನಾನಿಲ್ಲ. 1895ರಲ್ಲಿ ಆಸ್ಟ್ರಿಯಾದ ವಾಟೆನ್ಸ್ ಎಂಬಲ್ಲಿ ಡೇನಿಯಲ್ ಸ್ವರೋವ್‌ಸ್ಕಿ ಶುರುಮಾಡಿದ ಕಾರ್ಖಾನೆ ಹರಳು ಕತ್ತರಿಸುವುದನ್ನು ಯಂತ್ರದ ಕೆಲಸವಾಗಿಸಿತು. ಗಾಜಿಗೂ ಒಳ್ಳೆಯ ಹೊಳಪು ಬರುತ್ತದೆ. ಆದರೆ ಆ ಹೊಳಪಿನ ಗುಟ್ಟು ಬಹಳ ಸಲ ಬೆನ್ನಲ್ಲಿರುತ್ತದೆ. ಚಪ್ಪಟೆ ಬೆನ್ನಿನ ಹರಳಿಗೆ ಕನ್ನಡಿಯಂತೆ ಲೋಹದ ತೆಳು ಲೇಪ ಕೊಟ್ಟು, ಅಂಟಿನಿಂದ ಕೂರಿಸಿರುತ್ತಾರೆ. ನೆನೆಹಾಕಿದರೆ ಅಂಚಿನಿಂದ ನೀರು ಒಳಗೆ ಇಳಿದು ಲೇಪ ಕಪ್ಪಾಗುತ್ತದೆ. ಮೇಲಿನಿಂದ ಎಷ್ಟು ಉಜ್ಜಿದರೂ ಆ ಕಪ್ಪು ಹೋಗುವುದಿಲ್ಲ. ಕಾಮನಬಿಲ್ಲಿನ ಬಣ್ಣ ಹೊಡೆಯುವ ಹರಳುಗಳ ಬಣ್ಣವೂ ಮೇಲ್ಮೈಯ ತೆಳು ಲೇಪವೇ. ಟೂತ್‌ಪೇಸ್ಟ್‌ನಲ್ಲಿರುವ ಉಜ್ಜುವ ಪುಡಿ, ವಿಭೂತಿ, ಬೇಕಿಂಗ್ ಸೋಡಾ ಯಾವುದೂ ಅದರ ಹತ್ತಿರ ಸುಳಿಯಬಾರದು. ಅಮೆರಿಕನ್ ಡೈಮಂಡ್ ಅಥವಾ ಎಡಿ ಕಲ್ಲು ಸ್ವತಃ ಗಡಸು, ಎಂಟಕ್ಕೂ ಮೇಲೆ. ಕಲ್ಲಿಗೆ ಏನೂ ಆಗದಿದ್ದರೂ ಅದನ್ನು ಹಿಡಿದಿರುವ ಹಿತ್ತಾಳೆಯ ಮೇಲಿನ ಚಿನ್ನದ ನೀರು ಎರಡು ಹುಣಸೆ ಸ್ನಾನಕ್ಕೆ ಬಿಟ್ಟುಹೋಗುತ್ತದೆ.

ಅಜ್ಜಿಯ ಕಾಲದ ಒಡವೆಗಳಲ್ಲಿ ಅಪಾಯ ಇನ್ನೂ ಒಳಗಿದೆ. ಕುಂದನ್ ಕೆಲಸದಲ್ಲಿ, ಹಿಂಬದಿ ಮುಚ್ಚಿದ ಹಳೆಯ ಕೆಂಪಿನ ಓಲೆ, ಅಡ್ಡಿಗೆಗಳಲ್ಲಿ ಕಲ್ಲಿನ ಕೆಳಗೆ ಹೊಳೆಯುವ ತಗಡು, ಅದರ ಕೆಳಗೆ ಅರಗು. ನಮ್ಮ ಉತ್ತರ ಕರ್ನಾಟಕದ ಬೋರಮಾಳ ಸರದ ಟೊಳ್ಳು ಗುಂಡುಗಳ ಹೊಟ್ಟೆಯಲ್ಲೂ ಅರಗೇ ಇರುತ್ತದೆ. ಚಾರ್ಮಿನಾರ್ ಪಕ್ಕದ ಲಾಡ್ ಬಜಾರಿನ ಹರಳು ಕೂರಿಸಿದ ಬಳೆಗಳಂತೂ ಮೈಯೆಲ್ಲ ಅರಗು. 2024ರಲ್ಲಿ ಆ ಬಳೆಗಳಿಗೆ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ಕುಶಲಕರ್ಮಿ ಬಿಸಿ ಮಾಡಿ ಮೆತ್ತಗಾಗಿಸಿದ ಅರಗಿಗೇ ಹರಳನ್ನು ಒತ್ತಿರುತ್ತಾನೆ. ಗೀಸರ್ ನೀರಿನಲ್ಲಿ ಅದ್ದಿದರೆ ಅವನ ಕೆಲಸ ಹಿಂದುಮುಂದಾಗಿ ನಡೆಯುತ್ತದೆ. ಹಿಂಬದಿ ಮುಚ್ಚಿದ ಒಡವೆ ಯಾವುದೇ ಇರಲಿ, ನೀರಿಗೆ ಹಾಕಬೇಡಿ. ಮೆತ್ತನೆಯ ಬ್ರಷ್‌ನಿಂದ ಧೂಳು ಹಾರಿಸಿ, ಹಿಂಡಿದ ಬಟ್ಟೆಯಿಂದ ಮುಂಭಾಗವನ್ನಷ್ಟೇ ಒತ್ತಿ ತೆಗೆಯಿರಿ.

ಹೈದರಾಬಾದಿನಲ್ಲಿದ್ದು ಮುತ್ತಿನ ಮಾತು ಬಿಡುವಂತಿಲ್ಲ. ಪತ್ಥರ್‌ಗಟ್ಟಿಯಲ್ಲಿ ಕೊಂಡ ಸರಗಳಲ್ಲಿ ಮುತ್ತೂ ಸ್ಫಟಿಕವೂ ಒಟ್ಟಿಗೆ ಪೋಣಿಸಿರುವುದುಂಟು. ಸ್ಫಟಿಕಕ್ಕೆ ನಡೆಯುವುದೆಲ್ಲ ಮುತ್ತಿಗೆ ನಡೆಯುವುದಿಲ್ಲ. ಮುತ್ತು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಗಡಸುತನ 2.5ರಿಂದ 4.5, ನಿಂಬೆ, ಹುಣಸೆ, ವಿನೆಗರ್ ತಾಗಿದಲ್ಲಿ ಕರಗುತ್ತದೆ. ಬೆವರಿನ ಹುಳಿಯೂ ನಿಧಾನವಾಗಿ ಅದನ್ನು ತಿನ್ನುತ್ತದೆ. ಕುಷಾಯಿಗೂಡದ ಮಾರುಕಟ್ಟೆಯಲ್ಲಿ ಕುಂಕುಡುಕಾಯಿ ಎಂದು ಸಿಗುವ ನಮ್ಮ ಅಂಟುವಾಳ ಚಿನ್ನಕ್ಕೆ ಒಳ್ಳೆಯದು, ಮುತ್ತಿಗೆ ಬೇಡ. ಇಂಥ ಮಿಶ್ರ ಸರದಲ್ಲಿ ಎಲ್ಲಕ್ಕಿಂತ ಮೃದುವಾದ ಮಣಿಗೆ ಯಾವುದು ಸರಿಯೋ ಅದೇ ಇಡೀ ಸರಕ್ಕೆ.

ಇನ್ನು ತೊಳೆಯುವ ಬಗೆ. ಇದು ಹಿಂಬದಿ ತೆರೆದಿರುವ, ಲೇಪ, ಅಂಟು, ಅರಗು ಇಲ್ಲದ ಒಡವೆಗೆ ಮಾತ್ರ. ಸಿಂಕ್‌ನಲ್ಲಿ ಬೇಡ, ಒಂದು ಹರಳು ಜಾರಿದರೆ ಮೋರಿ ಪಾಲು. ಅಗಲವಾದ ಬಟ್ಟಲಿನ ತಳಕ್ಕೆ ಹಳೆಯ ಪಂಚೆಯ ತುಂಡು ಹಾಸಿ. ಬೋರ್ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಆದ್ದರಿಂದ ಕುಡಿಯುವ ಕ್ಯಾನ್ ನೀರನ್ನೇ ಬಳಸಿ. ನೀರು ಬಿಸಿಯೂ ಬೇಡ, ಫ್ರಿಜ್ಜಿನದೂ ಬೇಡ. ಮಕ್ಕಳ ಶಾಂಪೂ ಒಂದೆರಡು ಹನಿ ಸಾಕು. ಮೊದಲು ಬರೀ ನೀರಿನಲ್ಲಿ ಅಲುಗಿಸಿ ಧೂಳು ಬಿಡಿಸಿ, ಆಮೇಲೆ ಶಾಂಪೂ ನೀರು. ಮಗುವಿನ ಹಲ್ಲುಜ್ಜುವ ಬ್ರಷ್‌ನಿಂದ ಹರಳಿನ ಮುಖಕ್ಕಿಂತ ಬೆನ್ನನ್ನು ಹೆಚ್ಚು ತೊಳೆಯಿರಿ, ಮೈಯೆಣ್ಣೆ, ಪೌಡರು, ಚಂದನ ಕೂಡುವುದು ಅಲ್ಲೇ. ಬೇರೆ ನೀರಿನಲ್ಲಿ ಜಾಲಿಸಿ, ಬಟ್ಟೆಯ ಮೇಲೆ ಮಲಗಿಸಿ, ರಾತ್ರಿಯಿಡೀ ಫ್ಯಾನ್ ಗಾಳಿಗೆ ಬಿಡಿ. ಒದ್ದೆ ಮಾಲೆಯನ್ನು ಮೊಳೆಗೆ ನೇತುಹಾಕಿದರೆ ಮಣಿಗಳ ಭಾರಕ್ಕೆ ದಾರ ಜಗ್ಗುತ್ತದೆ. ಅರಿಶಿನ ಹೀರಿದ ದಾರ ಬೆಳ್ಳಗಾಗುವುದಿಲ್ಲ. ಅದನ್ನು ಬದಲಾಯಿಸಿ ಹೊಸದಾಗಿ ಪೋಣಿಸುವುದೇ ದಾರಿ.

ಬಿಸಿಲಿಗೆ ಇಟ್ಟು ಒಣಗಿಸುವ ಅಭ್ಯಾಸವನ್ನೂ ಬಿಡಿ. ನೇರಳೆ ಬಣ್ಣದ ಅಮೆಥಿಸ್ಟ್ ಸ್ಫಟಿಕದ ಮನೆತನವೇ, ಆದರೆ ಬಹುಕಾಲದ ಬಿಸಿಲಿಗೆ ಬಣ್ಣ ಪೇಲವವಾಗುತ್ತದೆ. ಹರಳಿಗೆ ಶಕ್ತಿ ತುಂಬಲು ಉಪ್ಪುನೀರಿನಲ್ಲಿ ಮುಳುಗಿಸುವುದು ಈಗಿನ ಹೊಸ ಶೋಕಿ. ಶಕ್ತಿಯ ವಿಚಾರ ಅವರವರ ನಂಬಿಕೆ. ಉಪ್ಪು ಮಾತ್ರ ಬೆಳ್ಳಿಯ ಕೊಂಡಿಯನ್ನೂ ಹಿತ್ತಾಳೆಯ ತಂತಿಯನ್ನೂ ತಿನ್ನುವುದು ಖಂಡಿತ. ಅದೇ ಸಾಲಿನಲ್ಲಿ ಮಾರುವ ಸೆಲೆನೈಟ್ ಎಂಬುದು ಜಿಪ್ಸಮ್, ಗಡಸುತನ ಬರೀ 2. ಉಗುರಿಗೇ ಗೀರು ಬೀಳುವ ಅದನ್ನು ನೀರಿಗೆ ಹಾಕಲೇಬಾರದು. ಬೆಳದಿಂಗಳಿಗೆ ಇಡುವವರು ಇಡಲಿ, ಅದರಿಂದ ಯಾವ ಹರಳಿಗೂ ನಷ್ಟವಿಲ್ಲ.

ಅಂಗಡಿಯವರು "ಮಷಿನ್‌ಗೆ ಹಾಕಿ ಕೊಡ್ಲಾ ಮೇಡಂ?" ಎಂದು ಉಪಚಾರಕ್ಕೆ ಕೇಳುತ್ತಾರೆ. ಶಬ್ದದ ಅಲೆಗಳಿಂದ ನೀರನ್ನು ನಡುಗಿಸಿ ಕೊಳೆ ಬಿಡಿಸುವ ಅಲ್ಟ್ರಾಸೋನಿಕ್ ಯಂತ್ರ ಅದು. ಬರೀ ಚಿನ್ನಕ್ಕೆ ಸೊಗಸು. ಮುತ್ತು, ಓಪಲ್, ಅಂಟಿಸಿದ ಹರಳು, ಕುಂದನ್ ಯಾವುದನ್ನೂ ಅದಕ್ಕೆ ಹಾಕಬಾರದು. ಪಚ್ಚೆಯ ಸೀಳುಗಳಿಗೆ ಎಣ್ಣೆ ತುಂಬಿ ಮಾರುವುದು ವ್ಯಾಪಾರದಲ್ಲಿ ಬಹಳ ಹಳೆಯ ರೂಢಿ. ಯಂತ್ರದಲ್ಲಿ ಆ ಎಣ್ಣೆ ಹೊರಟುಹೋಗಿ, ಅಂಗಡಿಗೆ ಕೊಟ್ಟಾಗ ಕಾಣದಿದ್ದ ಸೀಳುಗಳೆಲ್ಲ ಮನೆಗೆ ತಂದಾಗ ಕಾಣುತ್ತವೆ.

ಇಷ್ಟೆಲ್ಲ ನೆನಪಿಡುವುದು ಕಷ್ಟ ಎನ್ನುವವರಿಗೆ ಎರಡೇ ನಿಯಮ. ಪೌಡರು, ಸೆಂಟು, ತಲೆಗೆಣ್ಣೆ ಎಲ್ಲ ಮುಗಿದ ಮೇಲೆ ಕೊನೆಗೆ ಒಡವೆ ಹಾಕಿಕೊಳ್ಳಿ. ಮನೆಗೆ ಬಂದಾಗ ಮೊದಲು ಅದನ್ನೇ ತೆಗೆದು, ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಬೆವರು ಒತ್ತಿ, ಆರಿದ ಮೇಲೆ ಒಂದೊಂದನ್ನು ಒಂದೊಂದು ಬಟ್ಟೆಚೀಲದಲ್ಲಿಡಿ. ಹೀಗೆ ಇಟ್ಟುಕೊಂಡ ಒಡವೆಯನ್ನು ವರ್ಷಕ್ಕೊಂದು ಸಲ ತೊಳೆದರೂ ಹೆಚ್ಚೇ.