ಹಾಸ್ಯದಲ್ಲಿ ಔಚಿತ್ಯ: ಅಂಗಡಿಯ ಅಪೂವನ್ನು ಕುರಿತು

ಹಾಸ್ಯವನ್ನು ಕುರಿತು ನಮ್ಮಲ್ಲಿ ವಿಮರ್ಶೆ ಬೆಳೆದುದು ಅಲ್ಪ. ಕರುಣವನ್ನೂ ವೀರವನ್ನೂ ತೂಗಿ ನೋಡುವವರು ನಗೆಯ ವಿಷಯಕ್ಕೆ ಬಂದಾಗ, ನಗು ಬಂದಿತು, ಸಾಕು ಎಂದು ಕೈಬಿಡುವುದೇ ವಾಡಿಕೆ. ಆದರೆ ಒಂದು ನಗೆಯ ಮಾತು ಒಬ್ಬನಿಗೆ ವಿನೋದವಾಗಿ ಮತ್ತೊಬ್ಬನಿಗೆ ಗಾಯವಾದಾಗ, ಅವರಿಬ್ಬರಲ್ಲಿ ಸಹೃದಯನು ಯಾರು ಎಂಬ ಪ್ರಶ್ನೆಯನ್ನು ವಿಮರ್ಶಕನು ಬಿಟ್ಟುಬಿಡುವಂತಿಲ್ಲ. ಈ ಪ್ರಶ್ನೆ ಬಹು ಸ್ಪಷ್ಟವಾಗಿ ಎದ್ದುದು 2018ನೆಯ ಇಸವಿ ಏಪ್ರಿಲ್ 8ರಂದು ಅಮೆರಿಕದಲ್ಲಿ ಪ್ರಸಾರವಾದ ‘ದಿ ಸಿಂಪ್ಸನ್ಸ್’ ಎಂಬ ಕಾರ್ಟೂನು ಪ್ರಹಸನದ ಒಂದು ಕಂತಿನಿಂದ. ಅಲ್ಲಿಯ ಜಗಳ ನಮಗೇತಕ್ಕೆ ಎನ್ನುವ ವಾಚಕರು ಸ್ವಲ್ಪ ತಾಳ್ಮೆಯಿಂದ ಮುಂದಕ್ಕೆ ಓದಬೇಕೆಂದು ಅರಿಕೆ. ಆ ಜಗಳಕ್ಕೆ ಕಾರಣನಾದವನು ಒಬ್ಬ ಭಾರತೀಯ ಅಂಗಡಿಯವನು. ಅವನ ಹೆಂಡತಿಯ ಹೆಸರು, ಕೋಲಾರದ ಬೀದಿಬೀದಿಯಲ್ಲಿಯೂ ಕೇಳಿಬರುವ ಹೆಸರು, ಮಂಜುಳಾ.

ಮೊದಲು ವಸ್ತುವನ್ನು ಹೇಳುವುದು ಉಚಿತ. ಮ್ಯಾಟ್ ಗ್ರೇನಿಂಗ್ ಎಂಬಾತನು ಕಲ್ಪಿಸಿದ ಈ ಪ್ರಹಸನಮಾಲೆ 1989ನೆಯ ಇಸವಿ ಡಿಸೆಂಬರ್ 17ರಂದು ಆರಂಭವಾಯಿತು. ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಒಂದು ಸಾಮಾನ್ಯ ಸಂಸಾರವೇ ಇದರ ಕೇಂದ್ರ. ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿರುವ ಸೋಮಾರಿ ತಂದೆ ಹೋಮರ್, ಸಹನೆಯ ತಾಯಿ ಮಾರ್ಜ್, ತುಂಟನಾದ ಬಾರ್ಟ್, ವಯಸ್ಸಿಗೆ ಮೀರಿದ ವಿವೇಕವುಳ್ಳ ಲೀಸಾ, ಮಾತು ಬಾರದ ಶಿಶು ಮ್ಯಾಗಿ: ಇವರೇ ಮುಖ್ಯ ಪಾತ್ರಗಳು. ಊರಿನ ಪೊಲೀಸು, ಪಾದ್ರಿ, ಶಾಲೆಯ ಹೆಡ್‌ಮಾಸ್ಟರು, ಧನಿಕ ಯಾರನ್ನೂ ಇದು ಬಿಟ್ಟಿಲ್ಲ. ಎಲ್ಲರೂ ನಗೆಗೆ ಈಡಾದವರೇ. 1990ರಲ್ಲಿ ಈ ಊರಿಗೆ ಅಪೂ ಬಂದನು. ಸತ್ಯಜಿತ್ ರಾಯರ ಚಿತ್ರಗಳ ನಾಯಕನಿಂದ ಅವನಿಗೆ ಹೆಸರು ಬಂದಿತು; ಆದರೆ ಅವನಿಗೆ ಅಂಟಿಸಿದ ‘ನಹಾಸಪೀಮಪೆಟಿಲಾನ್’ ಎಂಬ ಮನೆತನದ ಹೆಸರು ಬಂಗಾಳದ್ದೂ ಅಲ್ಲ, ದ್ರಾವಿಡ ದೇಶದ್ದೂ ಅಲ್ಲ, ನಾಲಿಗೆ ತೊಡರುವಂತಹುದು. ಅವನ ಧ್ವನಿ ಹ್ಯಾಂಕ್ ಅಜೇರಿಯಾ ಎಂಬ ಅಮೆರಿಕದ ನಟನದು. ಪೀಟರ್ ಸೆಲರ್ಸನು 1968ರ ‘ದಿ ಪಾರ್ಟಿ’ ಎಂಬ ಚಿತ್ರದಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಆಡಿದ ಭಾರತೀಯನ ಮಾತಿನ ಧಾಟಿಯನ್ನು ಅನುಸರಿಸಿದೆನೆಂದು ಆ ನಟನೇ ಹೇಳಿರುವನು. ಆದಕಾರಣ ಇದು ಅನುಕರಣದ ಅನುಕರಣ.

ಆದರೂ ಪಾತ್ರಕ್ಕೆ ನ್ಯಾಯವಾಗಿ ಹೇಳಬೇಕಾದುದುಂಟು. 1995ರ ಒಂದು ಕಂತಿನಲ್ಲಿ ಮಾಂಸಾಹಾರವನ್ನು ತೊರೆದು ಎಲ್ಲರನ್ನೂ ಹಳಿಯತೊಡಗಿದ ಲೀಸಾಳಿಗೆ, ಅನ್ಯರ ನಡೆಯನ್ನು ಸಹಿಸುವುದು ಹೇಗೆಂದು ಬೋಧಿಸುವವನು ಈ ಅಪೂವೇ. 1996ರ ಮೇ 5ರ ಕಂತಿನಲ್ಲಿ ಊರಿನವರು ಪರದೇಶದವರನ್ನು ಹೊರಗಟ್ಟಲು ಮತ ಹಾಕಹೊರಡುತ್ತಾರೆ. ಭಯಪಟ್ಟ ಅಪೂ ಕಳ್ಳ ಕಾಗದಗಳನ್ನು ಕೊಂಡು ತಾನು ಇಲ್ಲಿಯವನೇ ಎಂದು ವೇಷ ಹಾಕುತ್ತಾನೆ. ತನ್ನ ತಾಯಿತಂದೆಗಳನ್ನು ಮರೆತೆನೆಂಬ ನಾಚಿಕೆ ಹುಟ್ಟಿ ಆ ವೇಷವನ್ನು ಕಳಚುತ್ತಾನೆ. ಪೌರತ್ವದ ಪರೀಕ್ಷೆಯಲ್ಲಿ ಅಮೆರಿಕದ ಅಂತರ್ಯುದ್ಧದ ಕಾರಣವನ್ನು ಕೇಳಿದಾಗ ಅವನು ಸವಿಸ್ತಾರವಾಗಿ ವಿವರಿಸತೊಡಗುತ್ತಾನೆ. ಪರೀಕ್ಷಕನು ಬೇಸತ್ತು, ಗುಲಾಮಗಿರಿ ಎಂದಷ್ಟೇ ಹೇಳಿದರೆ ಸಾಕೆನ್ನುತ್ತಾನೆ. ಇಲ್ಲಿ ನಗೆಗೆ ಗುರಿ ಅಪೂವಲ್ಲ, ಪರೀಕ್ಷಿಸುವವನು. ಇಂತಹ ಕಡೆಗಳಲ್ಲಿ ಬರೆದವರ ಶಕ್ತಿ ಪ್ರಶಂಸನೀಯವಾದುದು.

ಹಾಗಾದರೆ ಆಕ್ಷೇಪವೆಲ್ಲಿಂದ ಬಂದಿತು? ಆಂಧ್ರದೇಶದಿಂದ ಹೋದ ತಾಯಿತಂದೆಗಳ ಮಗನೂ ನ್ಯೂಯಾರ್ಕಿನಲ್ಲಿ ಬೆಳೆದವನೂ ಆದ ಹರಿ ಕೊಂಡಬೋಲು ಎಂಬ ಹಾಸ್ಯಗಾರನು 2017ನೆಯ ನವೆಂಬರಿನಲ್ಲಿ ‘ದಿ ಪ್ರಾಬ್ಲಂ ವಿತ್ ಅಪೂ’ ಎಂಬ ಸಾಕ್ಷ್ಯಚಿತ್ರವನ್ನು ಹೊರತಂದನು. ತನ್ನ ಬಾಲ್ಯದಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಕಾಣುತ್ತಿದ್ದ ಭಾರತೀಯನೆಂದರೆ ಅಪೂ ಒಬ್ಬನೇ. ಶಾಲೆಯ ಹುಡುಗರು ತನ್ನನ್ನೂ ತನ್ನಂಥವರನ್ನೂ ಅಣಕಿಸಲು ಆ ಧ್ವನಿಯನ್ನೇ ಬಳಸಿದರು. ಇದು ಅವನ ವಾದದ ಸಾರ. ಆ ಚಿತ್ರದಲ್ಲಿ ಮಾತನಾಡಿದ ಗಣ್ಯರಲ್ಲಿ, ಮಂಡ್ಯದ ಸೀಮೆಯ ಹಲ್ಲೇಗೆರೆಯ ಮನೆತನದವರೂ ಅಮೆರಿಕದ ಸರ್ಜನ್ ಜನರಲ್ ಪದವಿಯನ್ನು ಏರಿದವರೂ ಆದ ಡಾಕ್ಟರ್ ವಿವೇಕ್ ಮೂರ್ತಿಯವರೂ ಒಬ್ಬರು. ಕೊಂಡಬೋಲುವು ಆ ಪ್ರಹಸನಮಾಲೆಯ ಅಭಿಮಾನಿಯೇ ಎಂಬುದನ್ನೂ ಇಲ್ಲಿ ಮರೆಯತಕ್ಕದ್ದಲ್ಲ.

ಇದಕ್ಕೆ ಉತ್ತರವಾಗಿ ಬಂದುದೇ 2018ರ ಕಂತು. ಮಾರ್ಜ್ ತಾನು ಬಾಲ್ಯದಲ್ಲಿ ಮೆಚ್ಚಿದ ಒಂದು ಕಥೆಯ ಪುಸ್ತಕವನ್ನು ಮಗಳಿಗೆ ಓದಿಹೇಳಹೊರಟು, ಅದರ ತುಂಬ ಅನ್ಯಜನಾಂಗಗಳನ್ನು ಹಳಿಯುವ ಮಾತುಗಳಿರುವುದನ್ನು ಕಂಡು ಬೆಚ್ಚುತ್ತಾಳೆ. ಅವುಗಳನ್ನೆಲ್ಲ ತೆಗೆದು ತಿದ್ದಿ ಓದಿದರೆ ಕಥೆ ಸಪ್ಪೆಯಾಗುತ್ತದೆ. ಆಗ ಲೀಸಾ ಪ್ರೇಕ್ಷಕರತ್ತ ತಿರುಗಿ, ಹಿಂದೆ ಹೊಗಳಿಕೆ ಪಡೆದು ಯಾರನ್ನೂ ನೋಯಿಸದೆ ಇದ್ದುದು ಇಂದು ಅನುಚಿತವೆನಿಸಿದರೆ ಮಾಡುವುದೇನು ಎಂಬ ಅರ್ಥದ ಮಾತನ್ನಾಡಿ, ಹಾಸಿಗೆಯ ಪಕ್ಕದ ಅಪೂವಿನ ಚಿತ್ರವನ್ನು ನೋಡುತ್ತಾಳೆ. ಮುಂದೆಂದಾದರೂ ನೋಡೋಣವೆಂದು ತಾಯಿ, ನೋಡಿದರೆ ತಾನೆ ಎಂದು ಮಗಳು. ಅಲ್ಲಿಗೆ ಆ ಸಂಗತಿ ಮುಗಿಯಿತು.

ಪ್ರೇಕ್ಷಕರು ಮೂರು ಬಗೆಯಾಗಿ ಒಡೆದರು. ಅಮೆರಿಕದಲ್ಲಿ ಹುಟ್ಟಿಬೆಳೆದ ಭಾರತೀಯರಲ್ಲಿ ಬಹುಮಂದಿ ತಮ್ಮ ಅಳಲನ್ನು ಅಲ್ಲಗಳೆದರೆಂದು ನೊಂದರು. ಪ್ರಹಸನದ ಹಳೆಯ ಅಭಿಮಾನಿಗಳಲ್ಲಿ ಅನೇಕರು, ಎಲ್ಲರನ್ನೂ ಹಾಸ್ಯಮಾಡುವಲ್ಲಿ ಒಬ್ಬನಿಗೆ ಮಾತ್ರ ವಿನಾಯಿತಿ ಏಕೆಂದರು. ಜನರು ನೊಂದವರಂತೆ ನಟಿಸಲು ಇಷ್ಟಪಡುವ ಕಾಲವಿದು ಎಂಬ ಭಾವದ ಮಾತನ್ನು ಗ್ರೇನಿಂಗನೇ ಆಡಿದನು. ಮೂರನೆಯವರು ನಮ್ಮ ದೇಶದಲ್ಲಿಯೇ ಬೆಳೆದು ಇದನ್ನು ನೋಡಿದವರು. ಇವರಲ್ಲಿ ಹಲವರಿಗೆ ಇದು ಕೋಪಕ್ಕೆ ಕಾರಣವಾಗಿಯೇ ತೋರಲಿಲ್ಲ. ಒಂದೇ ಪಾತ್ರ, ಒಂದೇ ಧ್ವನಿ, ಒಂದೇ ಜನಾಂಗದ ಪ್ರೇಕ್ಷಕರು. ಆದರೂ ಅನುಭವ ಬೇರೆ. ಇದಕ್ಕೆ ಕಾರಣವನ್ನು ಹುಡುಕುವುದೇ ನಮ್ಮ ಕೆಲಸ.

ನಮ್ಮ ಲಾಕ್ಷಣಿಕರು ಇಲ್ಲಿ ಸಹಾಯಕ್ಕೆ ಬರುತ್ತಾರೆ. ವಿಕೃತವಾದ ವೇಷ, ಮಾತು, ನಡೆ ಇವುಗಳಿಂದ ಹಾಸ್ಯ ಹುಟ್ಟುವುದೆಂದು ಭರತನು ಹೇಳಿ, ಸ್ಮಿತ ಹಸಿತಗಳನ್ನು ಉತ್ತಮರಿಗೂ, ವಿಹಸಿತ ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಹಂಚಿದನು. ಅಭಿನವಗುಪ್ತನು ಇನ್ನೂ ಆಳಕ್ಕಿಳಿದು, ಅನೌಚಿತ್ಯವೇ ಹಾಸ್ಯದ ಮೂಲವೆಂದನು. ಈ ಮಾತನ್ನು ಎರಡು ಕಡೆಗೂ ಹಿಡಿದು ನೋಡಬೇಕು. ಅನೌಚಿತ್ಯವು ಪಾತ್ರದ ನಡೆಯಲ್ಲಿದ್ದರೆ ಅದು ಹಾಸ್ಯ. ಪಾತ್ರವನ್ನು ಕಲ್ಪಿಸಿದವನ ದೃಷ್ಟಿಯಲ್ಲಿದ್ದರೆ ಅದು ಕಾವ್ಯದೋಷ. ಅಪೂ ಹಳಸಿದ ತಿಂಡಿಗೆ ಹೊಸ ತಾರೀಖು ಹಚ್ಚಿ ಮಾರುವುದು ಅವನ ನಡೆಯ ಅನೌಚಿತ್ಯ. ಅದಕ್ಕೆ ನಗುವುದರಲ್ಲಿ ತಪ್ಪಿಲ್ಲ, ಅಂತಹ ವರ್ತಕರು ಎಲ್ಲ ದೇಶಗಳಲ್ಲಿಯೂ ಇರುವರು. ಆದರೆ ಅವನು ಬಾಯಿ ತೆರೆದ ಮಾತ್ರಕ್ಕೆ, ಸರಿಯಾದ ಮಾತನ್ನಾಡಿದಾಗಲೂ, ಉಚ್ಚಾರಣೆಗಾಗಿಯೇ ನಗಬೇಕೆಂದರೆ, ಅಲ್ಲಿ ಅವನು ಮಾಡಿದ ತಪ್ಪೇನು? ಬೇರೊಂದು ಊರಿನಲ್ಲಿ ಹುಟ್ಟಿದುದು.

ಇನ್ನು 2018ರ ಕಂತನ್ನು ಕೇವಲ ಕೃತಿಯಾಗಿ ಪರಿಶೀಲಿಸಿದರೂ ಅದರಲ್ಲಿ ಎರಡು ದೋಷಗಳು ಕಾಣುತ್ತವೆ. ಮೊದಲನೆಯದು ಪಾತ್ರಭಂಗ. ದುರ್ಬಲರ ಪಕ್ಷವನ್ನು ಹಿಡಿಯುವುದೇ ಲೀಸಾಳ ಸ್ವಭಾವ. ಅಪೂವಿನಿಂದಲೇ ಸಹನೆಯನ್ನು ಕಲಿತವಳು ಅವಳು. ಆ ಬಾಯಿಂದ ಈ ಉದಾಸೀನದ ಮಾತನ್ನಾಡಿಸಿದುದು ಕರ್ಣನ ಬಾಯಿಂದ ಜಿಪುಣತನವನ್ನು ಆಡಿಸಿದಂತಾಯಿತು. ಬರೆದವರ ಬೇಸರವನ್ನು ಪಾತ್ರದ ಮೇಲೆ ಹೊರಿಸಿದಾಗ ಹೀಗಾಗುವುದು ಸಹಜ. ಎರಡನೆಯದು ಯುಕ್ತಿದೋಷ. ತಿದ್ದಿ ತಿದ್ದಿ ತೊಳೆದ ಕಥೆ ನೀರಸವಾಗುವುದೆಂಬುದು ನಿಜ. ಅದನ್ನು ನಾವೂ ಒಪ್ಪುತ್ತೇವೆ. ಆದರೆ ಇದ್ದಂತೆಯೇ ಬಿಡುವುದು, ತೊಳೆದುಹಾಕುವುದು, ಇವೆರಡೇ ದಾರಿಗಳೆಂದು ಆ ಕಂತು ಭಾವಿಸಿತು. ಪಾತ್ರವನ್ನು ಆಳಗೊಳಿಸುವುದೆಂಬ ಮೂರನೆಯ ದಾರಿಯಿತ್ತು. ಆ ದಾರಿಯಲ್ಲಿ 1996ರಲ್ಲಿ ಅವರೇ ನಡೆದಿದ್ದರು!

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕು. ನಮ್ಮ ಕೈಲಾಸಂ ಅವರ ನಾಟಕಗಳಲ್ಲಿ ಇಂಗ್ಲಿಷು ಬೆರೆತ ಕನ್ನಡವನ್ನು ಕೇಳಿ ನಾವು ನಗುವುದಿಲ್ಲವೆ? 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ಯು ಯಾರನ್ನು ತಾನೆ ಬಿಟ್ಟಿತು? ಹೌದು, ನಗುತ್ತೇವೆ. ಆದರೆ ಕೈಲಾಸಂ ಅವರು ಹಾಸ್ಯಮಾಡಿದುದು ತಾವು ಹುಟ್ಟಿಬೆಳೆದ, ವಿದ್ಯಾವಂತರ ಮನೆಗಳ ಮಾತನ್ನು. ಆ ಮನೆಯವರೇ ಮುಂದಿನ ಸಾಲಿನಲ್ಲಿ ಕುಳಿತು ನಕ್ಕರು. ಆ ಜನರಿಗೆ ರಂಗದ ಮೇಲೆ ಬೇರೆ ರೂಪಗಳೂ ಇದ್ದುವು: ಅವರೇ ನಾಯಕರು, ಅವರೇ ನ್ಯಾಯಾಧೀಶರು. ನೂರು ಚಿತ್ರಗಳಲ್ಲಿ ಒಂದು ವಿಕಟಚಿತ್ರವಾದರೆ ಅದು ವಿನೋದ. ಇರುವುದೊಂದೇ ಚಿತ್ರ, ಅದೂ ವಿಕಟಚಿತ್ರ ಎಂದಾದರೆ ಅದು ಹಣೆಗೆ ಹಚ್ಚಿದ ಚೀಟಿಯಾಗುತ್ತದೆ. ನಮ್ಮ ನಾಡಿನಲ್ಲಿ ಬೆಳೆದ ಪ್ರೇಕ್ಷಕನ ಸುತ್ತ ಎಲ್ಲರೂ ಅವನಂಥವರೇ. ಆದಕಾರಣ ಅಪೂ ಅವನನ್ನು ಮುಟ್ಟಲಿಲ್ಲ. ಅಲ್ಲಿಯ ಶಾಲೆಯಲ್ಲಿ ಒಂಟಿಯಾಗಿ ಕುಳಿತ ಹುಡುಗನಿಗೆ ಅಪೂವಿನ ಹೊರತು ಬೇರೆ ಗುರುತಿರಲಿಲ್ಲ. ಇಬ್ಬರೂ ಸುಳ್ಳಾಡಲಿಲ್ಲ, ಇಬ್ಬರ ಕುರ್ಚಿಗಳು ಬೇರೆಯಾಗಿದ್ದುವು.

ಈ ವಿಚಾರ ನಮ್ಮ ಜಿಲ್ಲೆಯವರಿಗೆ ಬೇಗ ತಿಳಿಯಬೇಕು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡವಾಗಿರುವ ಸಂಸಾರಗಳು ಬಹಳ. ಮಾಲೂರಿನ ಅಂಚಿನಲ್ಲಿ ತಮಿಳು ಬೆರೆಯುತ್ತದೆ. ಈ ಗಡಿಯ ಕನ್ನಡವನ್ನು ಕೇಳಿ ಅನ್ಯ ಜಿಲ್ಲೆಯವರು ಮುಗುಳ್ನಗುವುದನ್ನು ನಾವು ಕಂಡಿಲ್ಲವೆ? ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿಯವರು ಇದೇ ಮಾಲೂರು ಸೀಮೆಯಿಂದ ಹೋಗಿ ಕನ್ನಡದ ಆಸ್ತಿಯಾದರೆಂಬುದು ಆ ನಗೆಗೆ ಸಾಕಾದ ಉತ್ತರ. ಆದರೆ ನಾವೇ ನಗುವ ಸರದಿಯೂ ಬಂದಿದೆ. ನರಸಾಪುರ, ವೇಮಗಲ್, ಮಾಲೂರುಗಳ ಕಾರ್ಖಾನೆಗಳಿಗೆ ದೂರದ ಪ್ರಾಂತಗಳಿಂದ ಕೆಲಸಗಾರರು ಬಂದು ನೆಲಸುತ್ತಿದ್ದಾರೆ. ಅವರ ತೊದಲು ಕನ್ನಡವನ್ನು ನಮ್ಮ ಊರಹಬ್ಬದ ನಾಟಕಗಳಲ್ಲಿಯೂ ಶಾಲೆಯ ಪ್ರಹಸನಗಳಲ್ಲಿಯೂ ಅಣಕಿಸುವುದು ಅತಿ ಸುಲಭವಾದ ನಗೆಯ ಸಾಧನ. ಅವರ ಮಕ್ಕಳು ಅದೇ ಶಾಲೆಯಲ್ಲಿ ಕುಳಿತು ನೋಡುತ್ತಾರೆಂಬುದನ್ನು ನಾಟಕ ಬರೆಯುವ ಉಪಾಧ್ಯಾಯರು ನೆನೆಯಬೇಕು.

ಮುಂದಿನ ಕಥೆ ಚಿಕ್ಕದು. 2018ರ ಏಪ್ರಿಲ್ ತಿಂಗಳಲ್ಲಿಯೇ ಅಜೇರಿಯಾ, ನೊಂದವರ ಮಾತನ್ನು ಕೇಳಿ ತನ್ನ ಕಣ್ಣು ತೆರೆಯಿತೆಂದೂ, ಬರೆಯುವವರ ನಡುವೆ ಭಾರತೀಯರೂ ಇರಬೇಕೆಂದೂ ಬಹಿರಂಗವಾಗಿ ಹೇಳಿದನು. 2020ರಲ್ಲಿ ಆ ಪಾತ್ರಕ್ಕೆ ಧ್ವನಿ ಕೊಡುವುದನ್ನು ಬಿಟ್ಟನು. ಅಂದಿನಿಂದ ಅಪೂ ಗುಂಪಿನಲ್ಲಿ ಕಂಡರೂ ಮಾತಿಲ್ಲದ ಬೊಂಬೆಯಾದನು. ಅವನನ್ನು ತೆಗೆದುಹಾಕಬೇಕೆಂದು ಕೊಂಡಬೋಲು ಕೇಳಿರಲಿಲ್ಲ. ಉತ್ತಮಗೊಳಿಸಲು ದಾರಿಗಳುಂಟೆಂದೇ ಅವನು ಹೇಳಿದ್ದನು. ನಟನು ತೋರಿದ ಸೌಜನ್ಯವನ್ನು ಬರೆದವರ ಕಲ್ಪನೆ ತೋರಲಿಲ್ಲ. ಅಂತರ್ಯುದ್ಧದ ಕಾರಣವನ್ನು ಪರೀಕ್ಷಕನಿಗಿಂತ ಚೆನ್ನಾಗಿ ಬಲ್ಲವನಿಗೆ ಅವನದೇ ಆದ ಧ್ವನಿಯನ್ನು ಕೊಟ್ಟು, ಅವನೂ ನಗುವಂತಹ ಒಂದು ಕಂತನ್ನು ಬರೆಯುವುದು ಅಸಾಧ್ಯವಾಗಿರಲಿಲ್ಲ. ಅಂತಹ ಹಾಸ್ಯವನ್ನು ಬರೆಯಬಲ್ಲವರು ನಮ್ಮ ಜಿಲ್ಲೆಯಲ್ಲಿ ಹುಟ್ಟಲಿ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಅದಕ್ಕೆ ಬೇಕಾದ ಕಿವಿ ಆಗಲೇ ಇದೆ.