‘ಸಂಕೀರ್ಣ’ ಎಂಬ ಕಪಾಟು

ಜಾಲತಾಣ ಕಟ್ಟುವುದು ಕಂಪ್ಯೂಟರ್ ಬಲ್ಲವರ ಕೆಲಸ, ಅದರಲ್ಲಿ ಹಾಕಿದ್ದನ್ನು ಓದುವುದಷ್ಟೇ ಸಾಹಿತ್ಯದವರ ಕೆಲಸ ಎಂಬ ಒಂದು ಹಂಚಿಕೆ ನಮ್ಮ ವಿಭಾಗಗಳಲ್ಲಿದೆ. ಒಂದೂವರೆ ವರ್ಷದಿಂದ ದೀಪಾಂಜಲಿ ನಗರದ ಬಾಡಿಗೆ ಕೋಣೆಯಲ್ಲಿ, ಮೈಸೂರು ರಸ್ತೆಯ ಗದ್ದಲ ತಗ್ಗಿದ ಮೇಲೆ, ನನ್ನ ಪಿಎಚ್.ಡಿ. ಟಿಪ್ಪಣಿಗಳಿಗಾಗಿ ಒಂದು ಪುಟ್ಟ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅನ್ನು ನಾನೇ ಬರೆದುಕೊಳ್ಳುತ್ತಿದ್ದೇನೆ. ಈ ಹಂಚಿಕೆ ಸರಿಯಲ್ಲ ಎಂದು ಅನ್ನಿಸಿದ್ದು ಅಲ್ಲಿಯೇ. ಯಾವುದನ್ನು ಯಾವುದರ ಪಕ್ಕ ಇಡಬೇಕು ಎಂದು ತೀರ್ಮಾನಿಸುವವರು ವಿಮರ್ಶೆಯನ್ನೇ ಮಾಡುತ್ತಿರುತ್ತಾರೆ. ಅವರಿಗೆ ಅದು ಗೊತ್ತಿರಲಿ, ಬಿಡಲಿ.

ಸಿದ್ಧವಾಗಿ ಸಿಗುವ ವರ್ಡ್‌ಪ್ರೆಸ್ ಇರುವಾಗ ಸ್ವಂತದ್ದೇಕೆ ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. 2003ರಲ್ಲಿ ಬ್ಲಾಗ್ ಬರೆಯುವವರಿಗಾಗಿ ಹುಟ್ಟಿದ ಸಾಧನ ಅದು. ಅದರ ಪ್ರಕಾರ ಬರಹವೆಂದರೆ ಶೀರ್ಷಿಕೆ, ಲೇಖಕ, ದಿನಾಂಕ, ವರ್ಗ ಇರುವ ಒಂದು ‘ಪೋಸ್ಟ್’. ಹೊಸದು ಮೇಲೆ, ಹಳೆಯದು ಕೆಳಗೆ. ಇದಕ್ಕೊಂದು ವಚನವನ್ನು ತುಂಬಿಸಿ ನೋಡಿ. ವಚನಕ್ಕೆ ಶೀರ್ಷಿಕೆ ಇಲ್ಲ, ಹಾಗಾಗಿ ಮೊದಲ ಸಾಲನ್ನು ಕತ್ತರಿಸಿ ಶೀರ್ಷಿಕೆ ಮಾಡುತ್ತೇವೆ. ರಚನೆಯಾದ ದಿನಾಂಕ ಗೊತ್ತಿಲ್ಲ, ಹಾಗಾಗಿ ನಾವು ಬೆರಳಚ್ಚು ಮಾಡಿದ ದಿನವೇ ಅಲ್ಲಮನ ನೆತ್ತಿಯ ಮೇಲೆ ಕೂರುತ್ತದೆ. ‘ಲೇಖಕ’ ಎಂಬ ಜಾಗ ಇನ್ನೂ ಕಷ್ಟದ್ದು. ವಚನದೊಳಗೆ ನಮಗೆ ಸಿಗುವುದು ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಕೂಡಲಸಂಗಮದೇವ ಎಂಬ ಅಂಕಿತ. ಅಲ್ಲಿಂದ ಒಬ್ಬ ವ್ಯಕ್ತಿಯ ಕಡೆಗೆ ಹೋಗುವುದು ಸಂಪಾದಕರ ಊಹೆ, ಬಹಳ ಸಲ ಬಲವಾದ ಊಹೆ. ಹಾಗಾಗಿ ನನ್ನ ಕೋಷ್ಟಕದಲ್ಲಿ ಅಂಕಿತ ಕಡ್ಡಾಯ, ಕರ್ತೃ ಐಚ್ಛಿಕ. ಇಷ್ಟು ಚಿಕ್ಕ ಬದಲಾವಣೆಗೆ ಸಿದ್ಧ ಸಾಧನದಲ್ಲಿ ಮೂರು ಪ್ಲಗಿನ್ ಬೇಕಾಗಿದ್ದವು.

ಈ ತಕರಾರು ಕಂಪ್ಯೂಟರಿನ ಜೊತೆಗೆ ಹುಟ್ಟಿದ್ದೇನೂ ಅಲ್ಲ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬಂತು. ಮುಂದೆ ವಿಜಯಪುರದ ಆ ವಕೀಲರು ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ತಾಳೆಗರಿ ಹುಡುಕುವುದು, ಅಚ್ಚು ಹಾಕುವುದು, ಹಂಚುವುದು ಎಲ್ಲವೂ ಅವರದೇ ಕೈಯಲ್ಲಿತ್ತು. ಸ್ವಂತ ಸಿಎಂಎಸ್ ಎಂದರೆ ಅವರದು! ಅಚ್ಚುಮೊಳೆ ಅವರದೇ ಆದ್ದರಿಂದ ಕ್ರಮವೂ ಅವರದೇ. ತಾತ್ವಿಕ ವಿಷಯಗಳ ಅಡಿಯಲ್ಲಿ ಅವರು ವಚನಗಳನ್ನು ಜೋಡಿಸಿದರು. ಹೆಸರಿನಲ್ಲೇ ‘ಶಾಸ್ತ್ರ’ ಇದೆ. ವಚನಗಳಲ್ಲಿ ಒಂದು ಸಿದ್ಧಾಂತವಿದೆ ಎಂಬ ವಾದವನ್ನು ಮುನ್ನುಡಿಗಿಂತ ಗಟ್ಟಿಯಾಗಿ ಆ ಪರಿವಿಡಿಯೇ ಹೇಳುತ್ತದೆ.

1993ರಲ್ಲಿ ಸರ್ಕಾರ ಪ್ರಕಟಿಸಿದ, ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದ ಹೊತ್ತಿಗೆ ವಿಷಯದ ಜಾಗಕ್ಕೆ ವಚನಕಾರ ಬಂದಿದ್ದ. ಬಸವಣ್ಣನಿಗೊಂದು ಸಂಪುಟ, ಅಲ್ಲಮನಿಗೊಂದು, ಚೆನ್ನಬಸವಣ್ಣನಿಗೊಂದು, ಸಿದ್ಧರಾಮನಿಗೊಂದು. ಅಕ್ಕಮಹಾದೇವಿ? ಆಕೆ ‘ಶಿವಶರಣೆಯರ ವಚನ ಸಂಪುಟ’ದಲ್ಲಿ, ಉಳಿದ ಹೆಂಗಸರೆಲ್ಲರ ಜೊತೆಗೆ. ಪುಟಗಳ ಲೆಕ್ಕದಲ್ಲಿ ಇದಕ್ಕೆ ಕಾರಣವಿರಬಹುದು. ಆದರೂ ಗಂಡಸರನ್ನು ಹೆಸರಿನಿಂದ, ಹೆಂಗಸರನ್ನು ಹೆಣ್ತನದಿಂದ ವಿಂಗಡಿಸುವ ಕಪಾಟು ನನಗೆ ಕಿರಿಕಿರಿಯೇ. ಮಿಕ್ಕವರಿಗೆ ‘ಸಂಕೀರ್ಣ ವಚನ ಸಂಪುಟ’ಗಳಿವೆ. ಯಾವ ವರ್ಗವನ್ನೂ ಆರಿಸದ ಬರಹವನ್ನು ವರ್ಡ್‌ಪ್ರೆಸ್ ‘ಅನ್‌ಕ್ಯಾಟಗರೈಜ್ಡ್’ ಎಂದು ತಾನೇ ಎತ್ತಿಡುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ನೂರು ಸಲ ಹೆಚ್ಚು ಘನತೆಯ ಪದ ‘ಸಂಕೀರ್ಣ’. ಕಾಯಕದ ಬಗ್ಗೆ ಇಷ್ಟು ಮಾತಾಡುವ ನಾವು ಬಹುಪಾಲು ಕಾಯಕದವರನ್ನು ಇಟ್ಟಿರುವುದು ಆ ಕಪಾಟಿನಲ್ಲಿ.

ಆ ಸಂಪುಟಗಳ ಪಠ್ಯವೇ ‘ವಚನ ಸಂಚಯ’ ಜಾಲತಾಣದ ಬುನಾದಿ. ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರರಂಥ ಲೇಖಕರೂ ಓಂಶಿವಪ್ರಕಾಶರಂಥ ತಂತ್ರಜ್ಞರೂ ಸೇರಿ, ಹಳೆಯ ಫಾಂಟ್‌ಗಳಲ್ಲಿ ಸಿಕ್ಕಿಬಿದ್ದಿದ್ದ 20,000ಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿಗೆ ತಂದು ಹುಡುಕುವಂತೆ ಮಾಡಿದರು. ಒಂದು ಪದ ಎಷ್ಟು ಕಡೆ, ಯಾರ ವಚನದಲ್ಲಿ ಬಂದಿದೆ ಎಂಬುದು ಕ್ಷಣದಲ್ಲಿ ಸಿಗುತ್ತದೆ. ನನ್ನ ಪ್ರಬಂಧದ ಅರ್ಧ ಅದರ ಋಣ. ಹುಡುಕುಪೆಟ್ಟಿಗೆಯ ಮುಂದೆ ಸಂಕೀರ್ಣದವರೂ ಬಸವಣ್ಣನೂ ಒಂದೇ ಸಾಲಿನಲ್ಲಿ ನಿಲ್ಲುವುದು ಅದರ ದೊಡ್ಡ ಸಾಧನೆ ಎಂದೇ ನಾನು ಭಾವಿಸುತ್ತೇನೆ. ಆದರೆ ಅಲ್ಲಿ ವಚನ ಒಂಟಿ. ಹುಡುಕಿದ ಪದದ ಹಿಂದೆ ಬಂದ ವಚನ, ವಾಟ್ಸಾಪ್‌ನ ಶುಭೋದಯದ ಚಿತ್ರಕ್ಕೆ ಹೇಳಿ ಮಾಡಿಸಿದಂತೆ, ಹಿಂದುಮುಂದಿಲ್ಲದೆ ನಿಂತಿರುತ್ತದೆ.

ಹದಿನೈದನೆಯ ಶತಮಾನದಲ್ಲಿ ಇದನ್ನು ಬೇರೆ ರೀತಿ ಯೋಚಿಸಿದವರಿದ್ದರು. ಶಿವಗಣಪ್ರಸಾದಿ ಮಹಾದೇವಯ್ಯ ‘ಶೂನ್ಯಸಂಪಾದನೆ’ಯಲ್ಲಿ ವಚನಗಳನ್ನು ಸಂವಾದವಾಗಿ ಹೆಣೆದ. ಅಲ್ಲಮ ಕೇಳುತ್ತಾನೆ, ಅಕ್ಕ ಉತ್ತರಿಸುತ್ತಾಳೆ. ನಡುವೆ ಸಂಪಾದಕನ ಒಂದೆರಡು ಸಾಲಿನ ಗದ್ಯ. ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ಇಂಥ ನಾಲ್ಕು ಸಂಪಾದನೆಗಳಿವೆ, ಒಂದೊಂದರಲ್ಲೂ ಕ್ರಮವೂ ಪ್ರಸಂಗಗಳೂ ವ್ಯತ್ಯಾಸವಾಗುತ್ತವೆ. ‘ಸಂಪಾದನೆ’ ಎಂಬ ಪದಕ್ಕೆ ಗಳಿಸುವುದು, ಜೋಡಿಸುವುದು ಎರಡೂ ಅರ್ಥ ಬರುವುದು ಸುಮ್ಮನೆ ಅಲ್ಲ. ಒಂಟಿಯಾಗಿ ಓದಿದರೆ ಅಕ್ಕನ ವಚನ ಭಕ್ತಿಯ ನಿವೇದನೆ. ಅಲ್ಲಮನ ಚುಚ್ಚುಪ್ರಶ್ನೆಯ ಮುಂದಿಟ್ಟರೆ ಅದೇ ವಚನ ವಾದವಾಗುತ್ತದೆ, ಸಭೆಯೊಂದರ ಎದುರು ನಿಂತ ಹೆಣ್ಣಿನ ಪ್ರತ್ಯುತ್ತರವಾಗುತ್ತದೆ. ಆ ಜೋಡಣೆಯನ್ನು ಚಾರಿತ್ರಿಕವಲ್ಲ ಎಂದು ತಳ್ಳಿಹಾಕುವವರಿದ್ದಾರೆ. ಅಕಾರಾದಿ ಜೋಡಣೆ ಮಾತ್ರ ಚಾರಿತ್ರಿಕವೇ?

ಅಕಾರಾದಿ ಎಂದೆ, ಅದೂ ಸಲೀಸಲ್ಲ. ಯೂನಿಕೋಡಿನ ಸಂಕೇತಕ್ರಮದಲ್ಲಿ ‘ಳ’ ಬರುವುದು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರದ್ದು. ಕಂಪ್ಯೂಟರಿಗೆ ಏನೂ ಹೇಳದೆ ಪಟ್ಟಿ ಮಾಡಿಸಿದರೆ ‘ಕಳೆ’ ಬಂದು ‘ಕವಿ’ಯ ಮುಂದೆ ಕೂರುತ್ತದೆ. ಹಳಗನ್ನಡದ ‘ೞ’ದ ಕಥೆ ಇನ್ನೂ ವಿಚಿತ್ರ: ಯೂನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’, ಅಂದರೆ ‘ಫ’! ಅದು ತಪ್ಪೆಂದು ಪಟ್ಟಿಯ ಟಿಪ್ಪಣಿಯೇ ಹೇಳುತ್ತದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬ ನಿಯಮವಿರುವುದರಿಂದ ಪಂಪನ ‘ೞ’ ಇನ್ನು ಸದಾಕಾಲ ‘ಫ’ವೇ. ವಿಂಗಡಣೆಗೆ ನಾನು ಬರೆದ ನಲವತ್ತು ಸಾಲಿನ ಕೋಡ್ ಕೇಶಿರಾಜನಿಗೆ ಒಪ್ಪಿಗೆಯಾದೀತು ಎಂಬ ನಂಬಿಕೆ ನನಗಿದೆ.

ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದು ಎಂದೇನೂ ನಾನು ಹೇಳಲಾರೆ. ಒಬ್ಬರೇ ಕಟ್ಟಿದ ತಾಣ, ಆ ಒಬ್ಬರು ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ ದಿನ ಮಾಯ. ಕನ್ನಡದ ಎಷ್ಟೋ ಬ್ಲಾಗುಗಳು ಹಾಗೆಯೇ ಹೋದವು. ಅದಕ್ಕೇ ನನ್ನ ಪ್ರತಿ ವಚನವೂ ಒಂದು ಸರಳ ಪಠ್ಯ ಕಡತ. ನನ್ನ ಕೋಡ್ ಸತ್ತರೂ ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ತಾಳೆಗರಿಯಷ್ಟು ಬಾಳಿಕೆಯ ಭರವಸೆಯನ್ನಂತೂ ಯಾವ ಸರ್ವರೂ ಕೊಡುವುದಿಲ್ಲ.

ಸದ್ಯ ಪ್ರತಿ ವಚನದ ಕೆಳಗೆ ಎರಡು ಗುಂಡಿಗಳಿವೆ: ‘ಈ ಅಂಕಿತದ ಮುಂದಿನದು’ ಮತ್ತು ‘ಈ ವಾದದ ಮುಂದಿನದು’. ಎರಡನೆಯದನ್ನು ಒತ್ತಿದರೆ ಯಾವ ಶೂನ್ಯಸಂಪಾದನೆಯ ಪ್ರಕಾರ ಎಂದು ತಾಣ ಮರುಪ್ರಶ್ನೆ ಕೇಳುತ್ತದೆ. ಇದನ್ನು ಮೊಬೈಲಿನಲ್ಲಿ ನೋಡಿದ ಎಂ.ಎ. ವಿದ್ಯಾರ್ಥಿನಿಯೊಬ್ಬಳು, “ಇಷ್ಟೊಂದು ಯಾಕೆ ಕೇಳುತ್ತೆ ಅಕ್ಕಾ, ಸುಮ್ನೆ ತೋರಿಸಬಾರದಾ?” ಎಂದಳು. ಆಮೇಲೆ ನಾಲ್ಕನ್ನೂ ಒಂದೊಂದಾಗಿ ಒತ್ತಿ ನೋಡುತ್ತಾ ಕೂತಳು.