‘ಒಣಗು’ ಎಂಬ ಧಾತುವಿನ ಅಪಪ್ರಯೋಗ: ದಂತಮೂಲಲೇಪಗಳ ಪರಿಭಾಷೆಯ ವಿಮರ್ಶೆ

೧

ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯುವ ಪ್ರಯತ್ನವು ಇಂದು ನಿನ್ನೆಯದಲ್ಲ. ೧೧ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ವನ್ನೂ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ೧೯೧೮ರಲ್ಲಿ ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆಯನ್ನೂ ಬಲ್ಲ ವಾಚಕರಿಗೆ ಇದು ವಿದಿತವೇ ಆಗಿದೆ. ಆದರೆ ಪರಿಭಾಷೆಯ ಚರ್ಚೆಯು ಬಹುಮಟ್ಟಿಗೆ ನಾಮಪದಗಳಲ್ಲಿಯೇ ನಿಂತುಬಿಡುತ್ತದೆ. ಕ್ರಿಯಾಪದಗಳು ರೂಢಿಯಲ್ಲಿದ್ದಂತೆಯೇ ಒಳಗೆ ಬಂದು ಕುಳಿತುಕೊಳ್ಳುತ್ತವೆ. ನಾಮಪದವು ತಪ್ಪಿದರೆ ವಸ್ತುವಿನ ಹೆಸರು ಮಾತ್ರ ಕೆಟ್ಟೀತು; ಕ್ರಿಯಾಪದವು ತಪ್ಪಿದರೆ ವಸ್ತುವಿನ ನಡೆಯೇ ತಪ್ಪಾಗಿ ತಿಳಿಯುತ್ತದೆ. ಇದಕ್ಕೆ ಒಂದು ನಿದರ್ಶನವನ್ನು ದಂತವೈದ್ಯದಿಂದ ಎತ್ತಿಕೊಳ್ಳಬಹುದು.

ಹಲ್ಲಿನ ಬೇರಿನೊಳಗಣ ಸೂಕ್ಷ್ಮನಾಳವನ್ನು ಶೋಧಿಸಿ, ತೊಳೆದು, ಲೇಪದೊಡನೆ ತುಂಬಿ ಮುಚ್ಚುವ ಕ್ರಮಕ್ಕೆ ಜನರು ‘ರೂಟ್ ಕೆನಾಲ್’ ಚಿಕಿತ್ಸೆಯೆನ್ನುತ್ತಾರೆ. ತುಂಬುವ ಕಲ್ಪನೆಯು ನಮ್ಮ ವೈದ್ಯಶಾಸ್ತ್ರಕ್ಕೆ ಅಪರಿಚಿತವಲ್ಲ. ಕ್ರಿಮಿದಂತದ ರಂಧ್ರವನ್ನು ಬೆಲ್ಲದಿಂದಾಗಲಿ ಜೇನುಮೇಣದಿಂದಾಗಲಿ ತುಂಬಿ ಸುಡಬೇಕೆಂದೂ, ಸಪ್ತಚ್ಛದ ಮತ್ತು ಎಕ್ಕಗಳ ಹಾಲಿನಿಂದ ಪೂರಣ ಮಾಡಬೇಕೆಂದೂ ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ವಿಧಿಸಿದ್ದಾನೆ. ಆದುದರಿಂದ ‘ಪೂರಣ’ವೆಂಬ ನಾಮಪದಕ್ಕೆ ಕೊರತೆಯಿಲ್ಲ. ತುಂಬಿದ ಲೇಪವು ಮೃದುತ್ವವನ್ನು ಬಿಟ್ಟು ಕಠಿನವಾಗುವುದನ್ನು ಮಾತ್ರ ‘ಸಿಮೆಂಟು ಒಣಗುತ್ತದೆ’ ಎಂದೇ ಆಡುವುದೂ ಬರೆಯುವುದೂ ರೂಢಿಯಾಗಿದೆ. ಈ ಪ್ರಯೋಗವು ಸಾಧುವೇ ಎಂಬುದೇ ಪ್ರಕೃತ ವಿಚಾರ.

೨

‘ಒಣಗು’ ಎಂಬುದರ ಮುಖ್ಯಾರ್ಥವು ತನ್ನಲ್ಲಿರುವ ನೀರನ್ನು ಕಳೆದುಕೊಳ್ಳುವುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಸೀಮೆಯಲ್ಲಿ ಈ ಅರ್ಥವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ಕಣದ ಮೇಲೆ ಹರಡಿದ ಪಾರ್ಚ್‌ಮೆಂಟ್ ಕಾಫಿಯನ್ನು, ಅದರ ತೇವವು ನೂರಕ್ಕೆ ೧೦ರ ಸುಮಾರಿಗೆ ಇಳಿಯುವವರೆಗೂ ಬಿಸಿಲಿನಲ್ಲಿ ಕೈಯಾಡಿಸುತ್ತಾರೆ. ಇದು ಒಣಗುವುದು. ಇಲ್ಲಿ ನೀರು ಹೋಗುವುದೇ ಫಲ, ಉಳಿದರೆ ಬೂಷ್ಟು.

ಆದರೆ ಆ ಕಾಫಿಯನ್ನು ಹೊತ್ತಿರುವ ಕಣದ ಸಂಗತಿಯೇನು? ಸಿಮೆಂಟಿನ ಕಣವನ್ನು ಹಾಕಿದ ಮರುದಿನದಿಂದ ಗಾರೆಯವನು ಅದರ ಮೇಲೆ ಹುಲ್ಲನ್ನೋ ಗೋಣಿಯನ್ನೋ ಹೊದಿಸಿ, ಕಡಿಮೆಯೆಂದರೂ ೭ ದಿನ ನೀರುಣಿಸುತ್ತಾನೆ. ನೀರುಣಿಸದೆ ಬಿಸಿಲಿಗೆ ಬಿಟ್ಟ ಕಣವು ಬಿರಿಯುತ್ತದೆ, ಪುಡಿಯೇಳುತ್ತದೆ. ಹೀಗೆ ಒಂದೇ ಕಣದಲ್ಲಿ ಎರಡು ವಿರುದ್ಧಕ್ರಿಯೆಗಳು ನಡೆಯುತ್ತವೆ: ಕಣವು ನೀರನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ, ಕಾಫಿಯು ನೀರನ್ನು ಬಿಟ್ಟುಕೊಟ್ಟು ಗಟ್ಟಿಯಾಗುತ್ತದೆ. ಎರಡನ್ನೂ ‘ಒಣಗು’ ಎಂಬ ಒಂದೇ ಧಾತುವಿನಿಂದ ಹೇಳುವುದು ನ್ಯಾಯವಲ್ಲ.

ಅನ್ವಯವ್ಯತಿರೇಕಗಳಿಂದಲೂ ಇದು ಸಿದ್ಧವಾಗುತ್ತದೆ. ಸಿಮೆಂಟು ಒಣಗಿ ಗಟ್ಟಿಯಾಗುವುದಾದರೆ, ಉಗ್ರಾಣದಲ್ಲಿಟ್ಟ ಅದರ ಚೀಲವು ಬೇಸಗೆಯಲ್ಲಿ ಕಲ್ಲಾಗಿ ಮಳೆಗಾಲದಲ್ಲಿ ಪುಡಿಯಾಗಿಯೇ ಇರಬೇಕಾಗಿತ್ತು. ಮಲೆನಾಡಿನವರು ಕಾಣುವುದು ಇದರ ವಿಪರ್ಯಯವನ್ನು. ಆಷಾಢದ ಜಡಿಮಳೆಯಲ್ಲಿ ಗಾಳಿಯ ತೇವವೊಂದೇ ಸಾಕು, ಚೀಲವು ಗಂಟುಕಟ್ಟಿ ಕೆಡುತ್ತದೆ. ಮತ್ತೂ, ಹೊಳೆಯ ಸೇತುವೆಗಳ ಕಂಬದ ಬುಡದಲ್ಲಿ ಸಿಮೆಂಟು ನೀರಿನೊಳಗಿದ್ದೇ ಬಲವಾಗುತ್ತದೆ. ನೀರಿನಲ್ಲಿ ಮುಳುಗಿರುವುದು ಒಣಗುವುದೆಂತು?

೩

ಇನ್ನು ದಂತಮೂಲಲೇಪಗಳನ್ನು ಜಾತಿಭೇದದಿಂದ ನೋಡತಕ್ಕದ್ದು.

ಮೊದಲನೆಯದು ಜಿಂಕ್ ಆಕ್ಸೈಡನ್ನು ಲವಂಗತೈಲದ ಸಾರವಾದ ಯೂಜೆನಾಲಿನೊಡನೆ ಅರೆದುದು. ಇಲ್ಲಿ ಅಲ್ಪಜಲವು ಮೊದಲು ಸತುವಿನ ಪುಡಿಯೊಡನೆ ಕೂಡುತ್ತದೆ. ಆಮೇಲೆ ಯೂಜೆನಾಲು ಸತುವನ್ನು ಹಿಡಿದುಕೊಂಡು ಕಠಿನವಾಗುವಾಗ ಜಲವು ಮತ್ತೆ ಹೊರಬಂದು ಮುಂದಿನ ಕಣಗಳಲ್ಲಿ ಅದೇ ಕಾರ್ಯವನ್ನು ಪ್ರೇರಿಸುತ್ತದೆ. ಆದಕಾರಣ ತೇವಭರಿತವಾದ ಗಾಳಿಯಲ್ಲಿ ಈ ಲೇಪವು ಬೇಗ ಗಟ್ಟಿಯಾಗುತ್ತದೆ. ಬಾಯಿಯ ಉಷ್ಣವೂ ತೇವವೂ ಸೇರಿದ ನಾಳದಲ್ಲಿ ಇನ್ನೂ ಬೇಗ.

ಎರಡನೆಯದು ಕ್ಯಾಲ್ಸಿಯಂ ಸಿಲಿಕೇಟಿನ ಜಾತಿ. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾನಿಲಯದಲ್ಲಿ ಮಹಮೂದ್ ತೊರಾಬಿನೆಜಾದರೂ ಅವರ ಸಂಗಡಿಗರೂ ರೂಪಿಸಿ ೧೯೯೩ರಲ್ಲಿ ಪ್ರಕಟಿಸಿದ ‘ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್’ ಎಂಬುದು ಇದರ ಮೂಲಪುರುಷ. ಜೋಸೆಫ್ ಆಸ್ಪ್‌ಡಿನನು ೧೮೨೪ರಲ್ಲಿ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟೇ ಇದರ ಪ್ರಧಾನದ್ರವ್ಯ. ಕ್ಷಕಿರಣಚಿತ್ರದಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡನ್ನು ಕೂಡಿಸಿದೆ. ಮೂರು ಪಾಲು ಪುಡಿಗೆ ಒಂದು ಪಾಲು ನೀರು. ಆರಂಭದ ಪರೀಕ್ಷೆಗಳಲ್ಲಿ ಇದು ಗಟ್ಟಿಯಾಗಲು ಹಿಡಿದ ಕಾಲ ೨ ಗಂಟೆ ೪೫ ನಿಮಿಷ. ಕಣಕ್ಕೆ ನೀರೆರೆದು ಗೋಣಿ ಹೊದಿಸುವಂತೆಯೇ, ವೈದ್ಯನು ಇದರ ಮೇಲೆ ಒದ್ದೆಯಾದ ಹತ್ತಿಯ ಉಂಡೆಯನ್ನಿಟ್ಟು ಮುಚ್ಚುವುದು ಪದ್ಧತಿ. ಕ್ರಿಯೆಯ ಕೊನೆಗೆ ಹುಟ್ಟುವ ದ್ರವ್ಯಗಳಲ್ಲಿ ಒಂದು ಕ್ಯಾಲ್ಸಿಯಂ ಹೈಡ್ರಾಕ್ಸೈಡು, ಎಂದರೆ ತಾಂಬೂಲದ ಸುಣ್ಣವೇ. ಈ ಜಾತಿಯಲ್ಲಿ ಈಚೆಗೆ ಬಂದಿರುವ ಸಿದ್ಧಲೇಪಗಳಿಗೆ ನೀರನ್ನೇ ಬೆರಸಿರುವುದಿಲ್ಲ. ತೂಕದಲ್ಲಿ ಹತ್ತರಲ್ಲೊಂದು ಪಾಲಿನಷ್ಟು ನೀರುಳ್ಳ ದಂತಧಾತುವಿನ ಸೂಕ್ಷ್ಮರಂಧ್ರಗಳಿಂದಲೇ ಅವು ತೇವವನ್ನು ಹೀರಿಕೊಳ್ಳಬೇಕು. ನಾಳವನ್ನು ಅತಿಯಾಗಿ ಒಣಗಿಸಿದರೆ ಅವು ಗಟ್ಟಿಯಾಗುವುದು ತಡವಾಗುತ್ತದೆ.

ಮೂರನೆಯದು ಎಪಾಕ್ಸಿ ಮೊದಲಾದ ರಾಳಜಾತಿ. ಇದಕ್ಕೆ ನೀರಿನ ಅಪೇಕ್ಷೆಯಿಲ್ಲ. ಮಿಕ್ಕ ನೀರು ಲೇಪವು ಗೋಡೆಗೆ ಅಂಟುವುದನ್ನು ಕೆಡಿಸುತ್ತದೆ. ಆದರೂ ಇದು ಗಟ್ಟಿಯಾಗುವುದು ಅಣುಗಳು ಪರಸ್ಪರ ಹೆಣೆದುಕೊಳ್ಳುವುದರಿಂದಲೇ ಹೊರತು ಒಣಗುವುದರಿಂದಲ್ಲ. ನಾಲ್ಕನೆಯದು, ವಿಲ್ಸನ್ ಮತ್ತು ಕೆಂಟರು ೧೯೭೨ರಲ್ಲಿ ವರ್ಣಿಸಿದ ಗ್ಲಾಸ್ ಅಯಾನೋಮರ್. ಮೊದಲಲ್ಲೇ ನೀರು ತಗುಲಿದರೆ ಅದು ಕರಗುತ್ತದೆ. ಮೊದಲಲ್ಲೇ ಒಣಗಿದರೆ ಸೀಳುತ್ತದೆ.

ಹೀಗೆ ನಾಲ್ಕು ಜಾತಿಗಳಲ್ಲಿ ಒಂದಾದರೂ ‘ಒಣಗು’ ಎಂಬ ಮಾತಿಗೆ ವಿಷಯವಾಗುವುದಿಲ್ಲ. ಅಧಿಕಜಲವು ದೋಷವಲ್ಲವೆಂದು ಇದರಿಂದ ತಿಳಿಯಬಾರದು. ಸಿಲಿಕೇಟುಜಾತಿಗೂ ನೀರು ಮಿತಿಮೀರಿದರೆ ಲೇಪವು ಕೊಚ್ಚಿಹೋಗುತ್ತದೆ ಇಲ್ಲವೆ ರಂಧ್ರಮಯವಾಗುತ್ತದೆ. ಒದ್ದೆ, ಒಣ ಎಂಬ ಎರಡೇ ಕೋಟಿಗಳು ಇಲ್ಲಿ ಸಾಲವು. ಮೂರನೆಯದಾದ ‘ಹದ’ ಬೇಕು.

೪

ಇಲ್ಲಿ ಒಂದು ಪೂರ್ವಪಕ್ಷವುಂಟು. ‘ಒಣಗು’ ಎಂಬುದನ್ನು ಲಕ್ಷಣೆಯಿಂದ ‘ಗಟ್ಟಿಯಾಗು’ ಎಂದು ಗ್ರಹಿಸಬಾರದೇಕೆ? ‘ಗಾಯ ಆರಿತು’ ಎಂಬಲ್ಲಿ ತಣ್ಣಗಾಗುವ ಅರ್ಥದ ಧಾತುವು ಮಾಯುವ ಅರ್ಥವನ್ನು ಕೊಡುವುದಿಲ್ಲವೆ?

ಸಮಾಧಾನ: ರೂಢಿಲಕ್ಷಣೆಯು ಲೋಕವ್ಯವಹಾರದಲ್ಲಿ ಮಾನ್ಯವೇ. ಆದರೆ ‘ಗಾಯ ಆರಿತು’ ಎಂಬುದನ್ನು ಕೇಳಿದವನು ಗಾಯಕ್ಕೆ ಗಾಳಿ ಬೀಸತೊಡಗುವುದಿಲ್ಲ. ‘ಸಿಮೆಂಟು ಒಣಗಬೇಕು’ ಎಂಬುದನ್ನು ಕೇಳಿದವನು ಒಣಗಿಸತೊಡಗುತ್ತಾನೆ. ಕಣಕ್ಕೆ ನೀರೆರೆಯುವುದನ್ನು ಮೂರನೆಯ ದಿನಕ್ಕೇ ನಿಲ್ಲಿಸುವ ಯಜಮಾನನೂ, ನಾಳವನ್ನು ಎಷ್ಟು ಒಣಗಿಸಿದರೆ ಅಷ್ಟು ಲೇಸೆಂದು ಕನ್ನಡದಲ್ಲಿ ಓದಿ ತಿಳಿಯುವ ವಿದ್ಯಾರ್ಥಿಯೂ ಒಂದೇ ಶಬ್ದದಿಂದ ವಂಚಿತರು. ಮುಖ್ಯಾರ್ಥವು ಹಿಂದಿನಿಂದ ಬಂದು ಮಿಥ್ಯಾನುಮಾನವನ್ನು ಹುಟ್ಟಿಸುವ ಲಕ್ಷಣೆಯು ಕಾವ್ಯದಲ್ಲಿ ಸಹ್ಯವಾದೀತು; ಶಾಸ್ತ್ರದಲ್ಲಿ ಅದು ದೋಷವೇ.

ಪ್ರಾಚೀನರೂ ಈ ಭೇದಕ್ಕೆ ಎಡೆಗೊಟ್ಟಿದ್ದಾರೆ. ವರಾಹಮಿಹಿರನ ಬೃಹತ್ಸಂಹಿತೆಯ ವಜ್ರಲೇಪವು ಕಷಾಯವನ್ನು ಎಂಟರಲ್ಲೊಂದು ಪಾಲಿಗೆ ಇಳಿಸಿ, ರಾಳಗಳನ್ನು ಕೂಡಿಸಿ, ಕಾದಿರುವಾಗಲೇ ಬಳಿಯತಕ್ಕದ್ದು. ಅದು ಆರಿ ಗಟ್ಟಿಯಾಗುವಂಥದು. ಸುಣ್ಣದ ಗಾರೆಯು ತುಸು ತೇವದ ನೆರವಿನಿಂದ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಗಟ್ಟಿಯಾಗುವಂಥದು. ಸಿಮೆಂಟು ನೀರನ್ನೇ ಹಿಡಿದು ಗಟ್ಟಿಯಾಗುವಂಥದು. ಕಾರ್ಯವು ಒಂದೇ ಆಗಿ ತೋರಿದರೂ ಕಾರಣಗಳು ಮೂರು.

೫

ಹಾಗಾದರೆ ಯಾವ ಶಬ್ದವು ಗ್ರಾಹ್ಯ? ‘ಘನೀಭವನ’ವೆಂದರೆ ನೀರು ಮಂಜುಗಡ್ಡೆಯಾಗುವುದಕ್ಕೂ ಸಲ್ಲುವುದರಿಂದ ಅತಿವ್ಯಾಪ್ತಿ. ‘ಗಟ್ಟಿಯಾಗು’ ನಿರ್ದುಷ್ಟವಾದರೂ ಫಲವನ್ನು ಮಾತ್ರ ಹೇಳಿ ಕ್ರಮವನ್ನು ಹೇಳದು. ಮನೆಮಾತಿನಲ್ಲಿಯೇ ಎರಡು ಯೋಗ್ಯಶಬ್ದಗಳಿವೆ. ಹಾಲು ಮೊಸರಾಗುವುದನ್ನು ‘ಹೆಪ್ಪುಗಟ್ಟು’ ಎನ್ನುತ್ತಾರೆ; ಅಲ್ಲಿ ನೀರು ಹೋಗುವುದಿಲ್ಲ, ಹರಿಯುವ ಗುಣ ಹೋಗುತ್ತದೆ. ಕಾಯಿಯೂ ಎಲುಬೂ ಕಾಲಕ್ರಮದಲ್ಲಿ ದೃಢವಾಗುವುದನ್ನು ‘ಬಲಿ’ ಎನ್ನುತ್ತಾರೆ. ಅವು ರಸವನ್ನುಂಡೇ ಬಲಿಯುತ್ತವೆ. ಲೇಪವು ಮೊದಲು ಹರಿವನ್ನು ಬಿಡುವುದೂ, ಅನಂತರ ದಿನದಿನಕ್ಕೆ ಬಲವೇರುವುದೂ ಶಾಸ್ತ್ರದಲ್ಲಿ ಎರಡು ಅವಸ್ಥೆಗಳು. ಮೊದಲನೆಯದು ‘ಹೆಪ್ಪುಗಟ್ಟುವಿಕೆ’, ಎರಡನೆಯದು ‘ಬಲಿಯುವಿಕೆ’ ಎಂದರೆ ಶಬ್ದವೂ ಅರ್ಥವೂ ಹೊಂದಿಕೊಳ್ಳುತ್ತವೆ. ‘ಒಣಗು’ ಎಂಬುದು ಕಾಫಿಗೂ ಮೆಣಸಿಗೂ ಉಳಿಯಲಿ.

ಇಂತಹ ಶಬ್ದಗಳು ಗ್ರಾಮ್ಯವೆಂಬ ಶಂಕೆ ಬೇಡ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಕಾದಂಬರಿಯಲ್ಲಿ ವಿಜ್ಞಾನಿಯು ಹಾರುವ ಓತಿಯನ್ನು ಅರಸಿ ಹೊರಡುವುದು ಹಳ್ಳಿಗನಾದ ಮಂದಣ್ಣನು ಕಂಡುದನ್ನು ನಂಬಿಯೇ. ವಸ್ತುವನ್ನು ಕಂಡವರ ಮಾತಿಗೆ ಅದರ ಸ್ವಭಾವವು ಅಂಟಿಕೊಂಡಿರುತ್ತದೆ. ಕಣಕ್ಕೆ ನೀರುಣಿಸುವವನ ಮಾತನ್ನು ಕೋಶಕಾರರೂ ಪಠ್ಯಕರ್ತರೂ ಆದರಿಸತಕ್ಕದ್ದು. ಧಾತುವೊಂದು ಸರಿಯಾದರೆ ಅದರ ಹಿಂದೆಯೇ ಲೇಪವನ್ನು ಹಾಕುವ ಕೈಯೂ ಸರಿಯಾಗುತ್ತದೆ.